ಹಸಿ ಊಟಕ್ಕೆ ಇಳಿದವರು ಅಲರ್ಜಿಯನ್ನು ನಿಭಾಯಿಸುವುದು ಹೇಗೆ?

ಒಲೆ ಹಚ್ಚದೆ ತಿನ್ನುವುದು ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಹೊಸದೇನಲ್ಲ. ಜೋಳದ ರೊಟ್ಟಿಯ ಜೊತೆಗೆ ಹಸಿ ಮೆಂತ್ಯ ಸೊಪ್ಪು, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಎಳೆಯ ಬದನೆಕಾಯಿಗಳನ್ನು ಕಚ್ಚಿಕೊಂಡು ಉಣ್ಣುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಈಚಿನವರು ರೊಟ್ಟಿಯನ್ನೇ ಬಿಟ್ಟು, ಮೊಳಕೆ ಕಾಳು, ನೆನೆಸಿದ ಶೇಂಗಾ, ಎಳ್ಳು, ಗೋಡಂಬಿ, ಬಾದಾಮಿ, ನಾಲ್ಕಾರು ಬಗೆಯ ಹಣ್ಣುಗಳನ್ನೆಲ್ಲ ಒಂದೇ ಬಟ್ಟಲಿಗೆ ಸುರಿದುಕೊಂಡು ತಿನ್ನತೊಡಗಿದ್ದಾರೆ. ಅಲರ್ಜಿ ಇರುವವರು ಎಡವುವುದು ಇಲ್ಲಿಯೇ. ತುಟಿ ತುರಿಸಿದರೆ ಅಥವಾ ಮೈಮೇಲೆ ದದ್ದು ಎದ್ದರೆ, ತಿಂದ ಹತ್ತಾರು ಪದಾರ್ಥಗಳಲ್ಲಿ ಯಾವುದು ಕಾರಣವೆಂದು ಹೇಳಲು ಯಾರಿಂದಲೂ ಆಗುವುದಿಲ್ಲ. ದದ್ದು ಕಂಡಾಗ ‘ಒಳಗಿನ ವಿಷ ಹೊರಗೆ ಬರುತ್ತಿದೆ, ಮುಂದುವರಿಸಿ’ ಎಂದು ಸಲಹೆ ಕೊಡುವವರೂ ಇದ್ದಾರೆ. ಅಂಥವರ ಮಾತಿಗೆ ಕಿವಿಗೊಡಬಾರದು.

ಹಂತ 1: ಹಿಂದಿನ ಅನುಭವವನ್ನು ಬರೆದುಕೊಂಡು ವೈದ್ಯರ ಬಳಿಗೆ ಹೋಗುವುದು

ಯಾವ ಆಹಾರ ತಿಂದಾಗ, ಎಷ್ಟು ಹೊತ್ತಿಗೆ, ಏನಾಯಿತು ಎಂಬುದನ್ನು ಬರೆದಿಡಿ. ಯಾವುದೇ ಪದಾರ್ಥ ತಿಂದು ಗಂಟಲು ಊದಿಕೊಂಡಿದ್ದರೆ, ಉಸಿರು ಕಟ್ಟಿದ್ದರೆ ಅಥವಾ ತಲೆ ತಿರುಗಿ ಬಿದ್ದಿದ್ದರೆ, ಆ ಪದಾರ್ಥವನ್ನು ಮನೆಯಲ್ಲಿ ಮತ್ತೆ ರುಚಿ ನೋಡುವ ಪ್ರಶ್ನೆಯೇ ಇಲ್ಲ. ಮೂರನೆಯ ಹಂತದ ಪ್ರಯೋಗ ಅದಕ್ಕೆ ಅನ್ವಯಿಸುವುದಿಲ್ಲ. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿದ್ದು, ಎಲ್ಲಿ ತೋರಿಸಬೇಕೆಂಬ ವಿಚಾರಣೆಯನ್ನು ಅಲ್ಲಿಂದಲೇ ಆರಂಭಿಸಬಹುದು. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಾಗಲಿ, ರಕ್ತದ ಐಜಿಇ (ಅಲರ್ಜಿಯಲ್ಲಿ ಪಾತ್ರ ವಹಿಸುವ ಪ್ರತಿಕಾಯ) ಪರೀಕ್ಷೆಯಾಗಲಿ, ದೇಹ ಆ ಪದಾರ್ಥವನ್ನು ಗುರುತಿಸಿಟ್ಟುಕೊಂಡಿದೆ ಎಂದಷ್ಟೇ ಹೇಳುತ್ತದೆ. ಅದನ್ನು ನಿಮ್ಮ ಅನುಭವದ ಜೊತೆಗಿಟ್ಟು ತೀರ್ಮಾನಿಸಬೇಕಾದವರು ವೈದ್ಯರು. ಇನ್ನೂರು ಆಹಾರಗಳ ‘ಐಜಿಜಿ’ (ಇನ್ನೊಂದು ಬಗೆಯ ಪ್ರತಿಕಾಯ) ಪಟ್ಟಿ ಕೊಡುವುದಾಗಿ ಆನ್‌ಲೈನ್‌ನಲ್ಲಿ ಮಾರುವ ಕಿಟ್‌ಗಳಿಗೆ ಹಣ ಸುರಿಯಬೇಡಿ. ಐಜಿಜಿ ಇರುವುದು ಆ ಆಹಾರವನ್ನು ನೀವು ತಿಂದಿದ್ದೀರಿ ಎಂಬುದರ ಗುರುತೇ ಹೊರತು ಅಲರ್ಜಿಯ ಗುರುತಲ್ಲ.

ಹಂತ 2: ಬೇಯಿಸಿದರೆ ಅಡಗುವ ಅಲರ್ಜಿ ಯಾವುದು, ಅಡಗದಿರುವುದು ಯಾವುದು ಎಂದು ತಿಳಿಯುವುದು

ಕೆಲವರಿಗೆ ಹಸಿ ಗಜ್ಜರಿ, ಸೇಬು, ಕರಬೂಜ ತಿಂದ ಕೂಡಲೇ ಬಾಯಿ, ನಾಲಿಗೆ, ಗಂಟಲು ತುರಿಸುತ್ತದೆ; ಅದೇ ಗಜ್ಜರಿಯನ್ನು ಬೇಯಿಸಿ ತಿಂದರೆ ಏನೂ ಆಗುವುದಿಲ್ಲ. ಹೂವಿನ ಪರಾಗಕ್ಕೆ ಅಲರ್ಜಿ ಇರುವವರಲ್ಲಿ ಇದು ಹೆಚ್ಚು. ಪರಾಗದ ಪ್ರೋಟೀನನ್ನು ಹೋಲುವ ಪ್ರೋಟೀನು ಆ ಹಣ್ಣು ತರಕಾರಿಗಳಲ್ಲಿಯೂ ಇರುವುದರಿಂದ ದೇಹ ಎರಡನ್ನೂ ಒಂದೇ ಎಂದು ಭಾವಿಸುತ್ತದೆ. ಆ ಪ್ರೋಟೀನು ಬಿಸಿಗೆ ಒಡೆಯುವಂಥದ್ದು. ನಮ್ಮ ರಸ್ತೆಬದಿಯ ಬಳ್ಳಾರಿ ಜಾಲಿಯ ಪರಾಗವೂ, ಕಾಂಗ್ರೆಸ್ ಗಿಡದ ಪರಾಗವೂ ಅಲರ್ಜಿಗೆ ಹೆಸರಾದವು. ಆದ್ದರಿಂದ ಅವು ಹೂ ಬಿಡುವ ದಿನಗಳಲ್ಲಿ ಸೀನು, ಉಬ್ಬಸ ಕಾಡುವವರು ಹಸಿ ಊಟದಲ್ಲಿ ಇನ್ನಷ್ಟು ಎಚ್ಚರದಿಂದಿರಬೇಕು.

ಶೇಂಗಾ, ಎಳ್ಳು, ಗೋಡಂಬಿಗಳ ಅಲರ್ಜಿ ಹಾಗಲ್ಲ. ಅವುಗಳ ಪ್ರೋಟೀನು ಹುರಿದರೂ ಬೇಯಿಸಿದರೂ ಉಳಿಯುತ್ತದೆ. ಹುರಿದ ಶೇಂಗಾ ಆಗುವುದಿಲ್ಲವೆಂದು ನೆನೆಸಿದ ಹಸಿ ಶೇಂಗಾ ತಿಂದರೆ ಅಪಾಯ ತಪ್ಪುವುದಿಲ್ಲ. ಮೊಳಕೆ ಬರಿಸಿದರೂ ಅಷ್ಟೇ. ಆಕಳ ಹಾಲು ಆಗದವರಿಗೆ ‘ಕಾಯಿಸದ ಎಮ್ಮೆ ಹಾಲು ಒಗ್ಗುತ್ತದೆ’ ಎಂಬ ಮಾತೂ ಹೀಗೆಯೇ ಹುಸಿ. ಆಕಳು, ಎಮ್ಮೆ, ಆಡಿನ ಹಾಲಿನ ಪ್ರೋಟೀನುಗಳು ಒಂದನ್ನೊಂದು ಬಹಳ ಹೋಲುತ್ತವೆ, ಕಾಯಿಸದ ಹಾಲಿನಿಂದ ಬರುವ ಸೋಂಕಿನ ಭಯ ಬೇರೆ. ಬದನೆಯನ್ನು ನಿರುಪದ್ರವಿ ಎಂದು ಎಣಿಸುವಂತಿಲ್ಲ. ಮೈಸೂರಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಬದನೆಯ ಅಲರ್ಜಿ ಮಹಿಳೆಯರಲ್ಲಿ ಹೆಚ್ಚೆಂದು ತೋರಿಸಿದೆ.

ಹಂತ 3: ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ

ಇಡೀ ಕೆಲಸದ ಜೀವಾಳ ಈ ಹಂತ; ತಾಳ್ಮೆ ಕೆಡುವುದೂ ಇಲ್ಲಿಯೇ. ಮೊದಲ ವಾರ, ಇಷ್ಟು ವರ್ಷ ಹಸಿಯಾಗಿಯೇ ತಿಂದು ಅರಗಿಸಿಕೊಂಡಿರುವ ನಾಲ್ಕೈದು ಪದಾರ್ಥಗಳನ್ನಷ್ಟೇ ಬಟ್ಟಲಿಗೆ ಹಾಕಿಕೊಳ್ಳಿ. ಸವತಿಕಾಯಿ, ಮೂಲಂಗಿ, ಮೆಂತ್ಯ, ಬಾಳೆಹಣ್ಣು ಎಂದು ನಿಮ್ಮ ಪಟ್ಟಿಯಿದ್ದರೆ ಅಷ್ಟೇ ಇರಲಿ. ಮೇಲೆ ಪುಡಿ ಉದುರಿಸುವುದು ಬೇಡ. ಬಟ್ಟಲು ಸಪ್ಪೆಯೆನಿಸಿದರೆ ಉಪ್ಪು, ನಿಂಬೆರಸ ಸಾಕು. ಆಮೇಲೆ ಹೊಸದೊಂದನ್ನು, ಉದಾಹರಣೆಗೆ ಮಡಿಕೆ ಕಾಳಿನ ಮೊಳಕೆಯನ್ನು ಆರಿಸಿಕೊಳ್ಳಿ. ಅದನ್ನು ಬಟ್ಟಲಿಗೆ ಬೆರೆಸದೆ ಬೇರೆಯಾಗಿ, ಮೊದಲ ದಿನ ಒಂದೆರಡು ಕಾಳು, ಮರುದಿನ ಒಂದು ಚಮಚ, ಮೂರನೆಯ ದಿನ ಒಂದು ಹಿಡಿ, ಹೀಗೆ ಏರಿಸುತ್ತ ಹೋಗಬೇಕು. ತಿಂದ ಮೇಲೆ ಎರಡು ತಾಸು ಬೇರೇನನ್ನೂ ತಿನ್ನದೆ ಕಾಯಿರಿ; ತಕ್ಷಣದ ಅಲರ್ಜಿ ಬಹುಪಾಲು ಈ ಅವಧಿಯೊಳಗೆ ಕಾಣಿಸುತ್ತದೆ. ಇಸುಬು ಇರುವವರಲ್ಲಿ ಅದು ಕೆರಳಲು ಒಂದೆರಡು ದಿನ ಹಿಡಿಯಬಹುದಾದ್ದರಿಂದ, ಮುಂದಿನ ಪದಾರ್ಥಕ್ಕೆ ಹೋಗುವ ಮುನ್ನ ಇನ್ನೆರಡು ದಿನ ಬಿಡುವು ಕೊಡುವುದು ಒಳ್ಳೆಯದು.

ಈ ಪ್ರಯೋಗವನ್ನು ಬೆಳಿಗ್ಗೆ, ಮನೆಯಲ್ಲಿ ಇನ್ನೊಬ್ಬರು ಇರುವಾಗಲೇ ಮಾಡಬೇಕು. ಜ್ವರ, ಉಬ್ಬಸ ಇದ್ದ ದಿನ, ನೋವಿನ ಮಾತ್ರೆ ನುಂಗಿದ ದಿನ, ಮದ್ಯ ಸೇವಿಸಿದ ದಿನ ಖಂಡಿತ ಬೇಡ. ತಿಂದ ಬೆನ್ನಿಗೇ ಓಡುವುದು, ವ್ಯಾಯಾಮ ಮಾಡುವುದೂ ಬೇಡ. ಉಳಿದ ದಿನ ಒಗ್ಗುವ ಪ್ರಮಾಣವೂ ಇಂಥ ದಿನಗಳಲ್ಲಿ ತೀವ್ರ ಅಲರ್ಜಿ ಎಬ್ಬಿಸಬಲ್ಲದು. ಅಲರ್ಜಿ ತಗ್ಗಿಸುವ ಸೆಟಿರಿಜಿನ್ ಮಾತ್ರೆ ನುಂಗಿ ಪರೀಕ್ಷಿಸುವ ಜಾಣತನವೂ ಸಲ್ಲದು, ಏಕೆಂದರೆ ಮಾತ್ರೆ ಮುನ್ಸೂಚನೆಯನ್ನು ಮುಚ್ಚಿಹಾಕುತ್ತದೆ.

ಹೊಟ್ಟೆ ಕೆಟ್ಟಿದ್ದೆಲ್ಲವೂ ಅಲರ್ಜಿಯಲ್ಲ. ಹಸಿ ರಾಜ್ಮಾ ತಿಂದವರಿಗೆ ಕೆಲವೇ ತಾಸುಗಳಲ್ಲಿ ವಾಂತಿ ಶುರುವಾಗುವುದು ಅದರೊಳಗಿನ ಲೆಕ್ಟಿನ್ ಎಂಬ ವಿಷದಿಂದ. ಮೊಳಕೆ ಬರಿಸಿದರೂ ಅದನ್ನು ಹಸಿಯಾಗಿ ತಿನ್ನಬಾರದು. ನಮ್ಮ ಬೇಸಿಗೆ 40 ಡಿಗ್ರಿ ದಾಟಿದಾಗ ಬಟ್ಟೆಯಲ್ಲಿ ಕಟ್ಟಿಟ್ಟ ಮೊಳಕೆ ಬೇಗ ಲೋಳೆಯಾಗಿ ಹುಳಿವಾಸನೆ ಬೀರುತ್ತದೆ. ಅದನ್ನು ತಿಂದು ಭೇದಿಯಾದರೆ ಕಾಳಿಗೆ ಅಲರ್ಜಿಯ ಹಣೆಪಟ್ಟಿ ಹಚ್ಚಬೇಡಿ. ಮೊಳಕೆ ಇಣುಕಿದ ಕೂಡಲೇ ತೊಳೆದು ಫ್ರಿಜ್ಜಿನಲ್ಲಿಡಿ.

ಹಂತ 4: ಅಡುಗೆಮನೆಯಲ್ಲಿ ಶೇಂಗಾದ ಜಾಡು ಅಳಿಸುವುದು

ಶೇಂಗಾ ಆಗದವರು ಇರುವ ಮನೆಯಲ್ಲಿ ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಮೂರಕ್ಕೂ ಮಿಕ್ಸಿಯ ಒಂದೇ ಸಣ್ಣ ಜಾರು ಬಳಕೆಯಾಗುತ್ತದೆ. ಜಾರನ್ನು ಎಷ್ಟು ತೊಳೆದರೂ ಬ್ಲೇಡಿನ ಬುಡದಲ್ಲಿ, ಮುಚ್ಚಳದ ರಬ್ಬರ್ ಬಳೆಯ ಸಂದಿನಲ್ಲಿ ಎಣ್ಣೆ ಹೀರಿದ ಕಂದು ಪುಡಿ ಅಂಟಿಕೊಂಡಿರುತ್ತದೆ. ರಬ್ಬರನ್ನು ಕಿತ್ತು ಒಮ್ಮೆ ನೋಡಿದರೆ ನಂಬಿಕೆ ಬರುತ್ತದೆ. ಬೇರೆ ಜಾರು ಕೊಳ್ಳುವುದೊಂದೇ ದಾರಿ. ಕಲ್ಲಿನ ಒರಳಿನ ರಂಧ್ರಗಳೂ ಹೀಗೆಯೇ ಪುಡಿಯನ್ನು ಹಿಡಿದಿಡುತ್ತವೆ. ಕೈಯನ್ನು ಸೋಪು ಹಚ್ಚಿ ತೊಳೆಯಬೇಕು; ಬರೀ ನೀರಿನಿಂದಾಗಲಿ, ಸ್ಯಾನಿಟೈಸರಿನಿಂದಾಗಲಿ ಶೇಂಗಾ ಪ್ರೋಟೀನು ಪೂರ್ತಿ ಹೋಗುವುದಿಲ್ಲ. ಹೊರಗೆ ಜ್ಯೂಸ್ ಅಂಗಡಿಯ ಜಾರಿನಲ್ಲಿ ಗೋಡಂಬಿ, ಬಾದಾಮಿ ದಿನವಿಡೀ ಅರೆಯುತ್ತಿರುತ್ತವೆ. ಹಣ್ಣನ್ನು ಹಣ್ಣಾಗಿಯೇ ಕೊಂಡು ಮನೆಯಲ್ಲಿ ಕೊಯ್ದು ತಿನ್ನುವುದು ಮೇಲು.

ಹಂತ 5: ಕೊಳ್ಳುವಾಗ

ಕಿರಾಣಿ ಅಂಗಡಿಯಲ್ಲಿ ಶೇಂಗಾ ಚೀಲಕ್ಕೆ ಹಾಕಿದ ಮೊಗೆಯನ್ನೇ ಎಳ್ಳಿಗೂ ಸೂರ್ಯಕಾಂತಿ ಬೀಜಕ್ಕೂ ಹಾಕುವುದರಿಂದ ಬಿಡಿ ಬೀಜಗಳು ಬೇಡ. ಶೇಂಗಾದ ಬದಲಿಗೆ ಸೂರ್ಯಕಾಂತಿ ಬೀಜವನ್ನು ಸಿಪ್ಪೆ ಸಮೇತ ತಂದು ಮನೆಯಲ್ಲಿ ಸುಲಿಯುವುದು ನನ್ನ ಆಯ್ಕೆ. ಅದನ್ನೂ ಮೂರನೆಯ ಹಂತದಂತೆಯೇ ಪರೀಕ್ಷಿಸಿ ಸೇರಿಸಬೇಕು. ರಿಫೈನ್ಡ್ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ತೀರ ಕಡಿಮೆ ಉಳಿದಿರುತ್ತದೆ, ಗಾಣದ ಎಣ್ಣೆಯಲ್ಲಿ ಹೆಚ್ಚು. ನೈಸರ್ಗಿಕವೆಂದು ಗಾಣಕ್ಕೆ ಬದಲಾಯಿಸಿಕೊಂಡವರು ಇದನ್ನು ಮರೆಯುತ್ತಾರೆ. ಪೊಟ್ಟಣದ ಆಹಾರದ ಮೇಲೆ ಶೇಂಗಾ, ಗೋಡಂಬಿ ಜಾತಿಯ ಬೀಜಗಳು, ಸೋಯಾ, ಹಾಲು, ಗ್ಲುಟೆನ್ ಇರುವ ಧಾನ್ಯ ಮೊದಲಾದವನ್ನು ನಮೂದಿಸಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ನಿಯಮ ಹೇಳುತ್ತದೆ. ಎಳ್ಳು ಆ ಪಟ್ಟಿಯಲ್ಲಿಲ್ಲದ ಕಾರಣ ಎಳ್ಳು ಆಗದವರು ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಬೇಕು. ಹೊಂಬಣ್ಣದ ಒಣದ್ರಾಕ್ಷಿಗೆ ಸಾಮಾನ್ಯವಾಗಿ ಗಂಧಕದ ಹೊಗೆ ಹಾಕಿರುತ್ತಾರೆ, ಅದು ಕೆಲವರಿಗೆ ಉಬ್ಬಸ ತರಿಸುತ್ತದೆ. ಉಬ್ಬಸ ಇರುವವರಿಗೆ ಕಪ್ಪು ದ್ರಾಕ್ಷಿಯೇ ವಾಸಿ, ಅದರ ಪೊಟ್ಟಣದಲ್ಲೂ ಸಲ್ಫೈಟ್ (ಗಂಧಕದ ಅಂಶ) ನಮೂದಾಗಿದೆಯೇ ಎಂದು ನೋಡಿಕೊಳ್ಳಿ.

ಹಂತ 6: ತುರ್ತಿನ ಸಿದ್ಧತೆ (ಮೂರನೆಯ ಹಂತಕ್ಕೆ ಮುಂಚೆಯೇ ಆಗಿರಬೇಕು)

ಉಸಿರಾಟದಲ್ಲಿ ಸುಂಯ್ ಸದ್ದು, ಧ್ವನಿ ಒಡೆಯುವುದು, ನಾಲಿಗೆ ಊತ, ದದ್ದಿನ ಜೊತೆಗೆ ವಾಂತಿ, ಕಣ್ಣು ಕತ್ತಲೆ ಬರುವುದು, ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ. ಇದಕ್ಕೆ ಮದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಸೆಟಿರಿಜಿನ್ ಅದಕ್ಕೆ ಬದಲಿಯಲ್ಲ. ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಿ ಇಡಿ, ಉಸಿರಿಗೆ ಕಷ್ಟವಾದರೆ ಕೂರಿಸಿ, ಎಬ್ಬಿಸಿ ನಡೆಸಬೇಡಿ. ಚೇತರಿಸಿಕೊಂಡರೂ ಕೆಲವು ತಾಸುಗಳ ಬಳಿಕ ಮರುಕಳಿಸಬಹುದಾದ್ದರಿಂದ ವೈದ್ಯರು ಬಿಡುವವರೆಗೆ ಆಸ್ಪತ್ರೆಯಲ್ಲಿಯೇ ಇರಬೇಕು. ವೈದ್ಯರು ಮನೆಯಲ್ಲಿಟ್ಟುಕೊಳ್ಳಲು ಅಡ್ರಿನಲಿನ್ ಬರೆದುಕೊಟ್ಟಿದ್ದರೆ, ಪ್ರಮಾಣವನ್ನು ಅವರಿಂದಲೇ ಬರೆಸಿಕೊಂಡು, ಚುಚ್ಚುವ ವಿಧಾನವನ್ನು ಮನೆಯ ಇನ್ನೊಬ್ಬರಿಗೂ ಕಲಿಸಿಸಿ. ಔಷಧವನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಡಬಾರದು. ದ್ರವ ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ, ಅವಧಿ ಮುಗಿಯದಿದ್ದರೂ, ಹೊಸದನ್ನು ತಂದಿಟ್ಟುಕೊಳ್ಳಬೇಕು.