ಕ್ಯಾಂಪರ್ ಕೊಂಡೆ, ಆಮೇಲೆ ತೂಕ ಹಾಕಿಸಿದೆ

ನಮ್ಮ ಕೊಡಗಿನಲ್ಲಿ ಕ್ಯಾಂಪರ್ ಅಂದರೆ ಎಲ್ಲರಿಗೂ ಬೊಲೆರೋ ಕ್ಯಾಂಪರ್ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಅದಲ್ಲ. ಪಿಕಪ್‌ನ ಹಿಂದೆ ಮೂಟೆ ಹೇರುವ ಜಾಗದಲ್ಲಿ ಕೂರಿಸುವ ಪುಟ್ಟ ಮನೆ. ಹಾಸಿಗೆ, ಒಲೆ, ಸಿಂಕ್ ಎಲ್ಲ ಅದರೊಳಗೇ.

ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು. ಮಾರಿದವರು "650 ಕೆಜಿ ಅಷ್ಟೇ ಸರ್, ನಿಮ್ಮ ಗಾಡಿಗೆ ಲೆಕ್ಕಕ್ಕೇ ಇಲ್ಲ" ಅಂದರು. ನನ್ನ ಆರ್‌ಸಿಯಲ್ಲಿ ಲೋಡ್ ಸೇರಿ ಒಟ್ಟು 2,950 ಕೆಜಿ, ಖಾಲಿ ಗಾಡಿ 1,700. ಕಳೆದರೆ 1,250. ಇನ್ನೇನು ಬೇಕು ಅಂತ ದುಡ್ಡು ಕೊಟ್ಟೆ.

ಕೂರಿಸಿದ ದಿನ ಸಂಜೆ ಸಿದ್ದಾಪುರದಿಂದ ಮನೆಗೆ ಬರುವಾಗಲೇ ಅನುಮಾನ ಬಂತು. ಗಾಡಿ ಹಿಂದೆ ಕುಸಿದು ಮೂತಿ ಮೇಲೆದ್ದಿತ್ತು; ಹೆಡ್‌ಲೈಟ್ ಬೆಳಕು ರಸ್ತೆಗೆ ಬೀಳುವ ಬದಲು ಸಿಲ್ವರ್ ಓಕ್ ಮರಗಳ ಮೆಣಸಿನ ಬಳ್ಳಿಗೆ ಬೀಳುತ್ತಿತ್ತು. ಸ್ಟೀರಿಂಗ್ ಕೈಗೆ ಬೆಣ್ಣೆ ಥರ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಲ್ಲಿ ಅದು ಖುಷಿಪಡುವ ವಿಷಯ ಅಲ್ಲ.

ಮಾರನೇ ದಿನ ಕ್ಯಾಂಪರ್ ಇಳಿಸಿ, ಟ್ಯಾಂಕ್ ತುಂಬಿಸಿ, ಕುಶಾಲನಗರದ ಕಡೆ ಕಾಫಿ ಲೋಡು ತೂಗುವ ವೇಬ್ರಿಡ್ಜ್‌ಗೆ ಹೋದೆ. ನಾನು ಕೆಳಗಿಳಿದು ನಿಂತೆ. ಚೀಟಿಯಲ್ಲಿ 1,880! ಖಾಲಿ ಗಾಡಿಯೇ ಆರ್‌ಸಿಗಿಂತ 180 ಕೆಜಿ ಜಾಸ್ತಿ. ಡೀಸೆಲ್ ಒಂದಷ್ಟು, ಮೂಟೆ ಹೇರುವ ಜಾಗದ ತಳಕ್ಕೆ ಹೊಡೆಸಿದ್ದ ಚೆಕರ್ ಪ್ಲೇಟ್ ತಗಡು ಒಂದಷ್ಟು, ಕ್ಯಾಬಿನ್ ಹಿಂದಿನ ಕಬ್ಬಿಣದ ಟೂಲ್ ಬಾಕ್ಸ್ ಒಂದಷ್ಟು. ಎಲ್ಲ ನಾನೇ ವರ್ಷಗಟ್ಟಲೆ ಸೇರಿಸಿದ್ದು.

ಕ್ಯಾಂಪರ್ ಹೇರಿಕೊಂಡು ಇನ್ನೊಮ್ಮೆ ಹೋದೆ. 2,670. ಅಂದರೆ ಕ್ಯಾಂಪರ್ 650 ಅಲ್ಲ, 790. ಇದರ ಮೇಲೆ ನಾನು ಮತ್ತು ನನ್ನಾಕೆ ಸೇರಿ 140. ನೀರು 60 ಲೀಟರ್, ಅಂದರೆ 60 ಕೆಜಿ. ಲೆಡ್ ಆ್ಯಸಿಡ್ ಬ್ಯಾಟರಿ 50. ಚಿಕ್ಕ ಗ್ಯಾಸ್ ಸಿಲಿಂಡರ್ 12. ಹಾಸಿಗೆ, ಪಾತ್ರೆ, ದಿನಸಿ 60. ಒಟ್ಟು 2,992. ಮಿತಿ ದಾಟಿ 42 ಕೆಜಿ. ಓವರ್‌ಲೋಡ್ ದಂಡ 20,000 ರೂಪಾಯಿಂದ ಶುರು. ಆದರೆ ನನಗೆ ಅದಕ್ಕಿಂತ ಮಾಕುಟ್ಟ ಘಾಟಿಯ ಇಳಿಜಾರಿನ ಭಯ ಇತ್ತು.

ವೇಬ್ರಿಡ್ಜ್ ಹುಡುಗನಿಗೆ ಹೇಳಿ ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿದ್ದು ಒಳ್ಳೇದಾಯಿತು. ಖಾಲಿ ಇದ್ದಾಗ ಮುಂದಿನ ಆಕ್ಸಲ್, ಅಂದರೆ ಮುಂದಿನ ಚಕ್ರಗಳ ಅಚ್ಚಿನ ಮೇಲೆ 1,000 ಇತ್ತು. ಕ್ಯಾಂಪರ್ ಹೇರಿದ ಮೇಲೆ 960! 790 ಕೆಜಿ ಹೇರಿದರೆ ಮುಂದೆ 40 ಕಡಿಮೆ. ತಕ್ಕಡಿ ಲೆಕ್ಕವೇ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 3 ಮೀಟರ್. 40ನ್ನು 3,000 ಮಿಲಿಮೀಟರ್‌ನಿಂದ ಗುಣಿಸಿ 790ರಿಂದ ಭಾಗಿಸಿದರೆ ಹೆಚ್ಚುಕಡಿಮೆ 150. ಕ್ಯಾಂಪರ್‌ನ ಭಾರದ ಕೇಂದ್ರ ಹಿಂದಿನ ಆಕ್ಸಲ್‌ಗಿಂತ ಆರಿಂಚು ಹಿಂದಿದೆ ಅಂತ ಅರ್ಥ. ಅದು ಆಕ್ಸಲ್‌ಗಿಂತ ಮುಂದೆ ಇರಬೇಕು. ಟಯರ್ ಮೇಲಿನ ಲೋಡ್ ನಂಬರ್ 104, ಅಂದರೆ ಒಂದಕ್ಕೆ 900 ಕೆಜಿ, ಹಿಂದಿನ ಜೋಡಿಗೆ 1,800. ಎಲ್ಲ ತುಂಬಿಸಿದರೆ ಹಿಂದೆ 1,900 ದಾಟುತ್ತಿತ್ತು.

ನಮ್ಮ ಮೆಕ್ಯಾನಿಕ್ ನಗುತ್ತಾ "ಹಿಂದಿನ ಸ್ಪ್ರಿಂಗ್‌ಗೆ ಇನ್ನೆರಡು ಪ್ಲೇಟ್ ಹಾಕೋಣ ಅಣ್ಣ, ಆನೆ ಹತ್ತಿಸಬಹುದು" ಅಂದ. ಪ್ಲೇಟ್ ಹಾಕಿದರೆ ಗಾಡಿ ಹಿಂದೆ ಕುಸಿಯುವುದಿಲ್ಲ, ಸರಿ. ಬ್ರೇಕ್, ಆಕ್ಸಲ್, ಟಯರ್ ಅವೇ ಅಲ್ವಾ? ಬೇಡ ಅಂದೆ.

ಗ್ಯಾರೇಜಿನಲ್ಲಿ ಟೇಪ್ ಹಿಡಿದು ನೋಡುವಾಗ ಕಂಡಿತು. ಕ್ಯಾಂಪರ್ ಮುಂದೆ ಹೋಗದಂತೆ ತಡೆದಿದ್ದು ನನ್ನದೇ ಟೂಲ್ ಬಾಕ್ಸ್. ಸರಿಯಾಗಿ ಒಂದು ಗೇಣು ಅಗಲ. ಅದನ್ನು ಬಿಚ್ಚಿಸಿದೆ, 35 ಕೆಜಿ ಹೋಯಿತು. ಕ್ಯಾಂಪರ್ ಒಂಬತ್ತಿಂಚು ಮುಂದೆ ಸರಿದು ಭಾರದ ಕೇಂದ್ರ ಆಕ್ಸಲ್‌ನ ಮುಂದಕ್ಕೆ ಬಂತು. ಚೆಕರ್ ಪ್ಲೇಟ್ ತೆಗೆಸಿದಾಗ ಇನ್ನೊಂದು 95.

ಆ 790ರ ಕಥೆ ಬೇರೆ. ಹಿಂದಿನ ಮೂಲೆಯ ಪ್ಯಾನೆಲ್‌ಗೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಇಳಿಯಿತು, ರಾಗಿ ಮುದ್ದೆಗೆ ಬೆರಳು ಇಳಿದ ಹಾಗೆ. ಬಿಚ್ಚಿ ನೋಡಿದರೆ ಪ್ಲೈವುಡ್ ನೆನೆದು ಕಪ್ಪಾಗಿದೆ, ಗ್ಲಾಸ್ ವುಲ್ ಹಿಂಡಿದರೆ ನೀರು. ಮೇಲಿನ ಸ್ಕೈಲೈಟ್ ಸೋರುತ್ತಿತ್ತು. ಕೊಳೆತದ್ದು ತೆಗೆದು, ಹೊಸದು ಹಾಕಿಸಿ, ಒಣಗಿಸಿ ತೂಗಿದಾಗ 740. ಹಳೇ ಕ್ಯಾಂಪರ್ ನೋಡಲು ಹೋದರೆ ಮೂಲೆಗಳನ್ನು ಒತ್ತಿ ನೋಡಿ, ಮಾರುವವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಲಿಥಿಯಂ ಬ್ಯಾಟರಿಗೆ ದುಡ್ಡು ಕೊಡುವಾಗ ಹೊಟ್ಟೆ ಉರಿಯಿತು, ತೂಕ ಮಾತ್ರ 12ಕ್ಕಿಳಿಯಿತು. ನೀರು 20 ಲೀಟರ್ ಸಾಕು ಅಂದುಕೊಂಡೆ. ನಮ್ಮ ಊರಲ್ಲಿ ನೀರಿಗೇನು ಬರವೇ?

ಕೊನೆಯ ಚೀಟಿ, ಇಬ್ಬರೂ ಕೂತು, ಎಲ್ಲ ತುಂಬಿಸಿ: 2,735. ಮುಂದೆ 1,080, ಹಿಂದೆ 1,655. ಬೋಲ್ಟ್ ಹೊಡೆದು ಕಾಯಂ ಮಾಡಿಲ್ಲ, ಬೆಲ್ಟ್ ಹಾಕಿ ಬಿಗಿದಿದ್ದೇನೆ. ಗಾಡಿಯ ರೂಪವನ್ನೇ ಬದಲಿಸುವುದಾದರೆ ಆರ್‌ಟಿಓ ಅನುಮತಿ ಬೇಕು, ಅದು ಬೇರೆಯೇ ತಲೆನೋವು.

ಮೊನ್ನೆ ಮಾಕುಟ್ಟ ಘಾಟಿ ಇಳಿದೆವು. ಪೂರ್ತಿ ಎರಡನೇ ಗೇರ್. ಕೆಳಗೆ ನಿಲ್ಲಿಸಿ ಮೂಸಿ ನೋಡಿದೆ, ಬ್ರೇಕ್ ಸುಟ್ಟ ವಾಸನೆ ಇರಲಿಲ್ಲ. ವಾಪಸ್ ಮನೆಗೆ ಬಂದಾಗ ತೋಟದ ಗೇಟಿನ ಹಲಸಿನ ಕೊಂಬೆಗೆ ಕ್ಯಾಂಪರ್‌ನ ತಲೆ ಬಡಿಯಿತು. ಎತ್ತರ ಅಳೆಯುವುದು ಮರೆತೇ ಹೋಗಿತ್ತು.