ಎರಡನೇ ಸಲ ಹೋಗುವುದು

ಯೇಸು ಹೇಳಿದ ಒಳ್ಳೆಯ ಸಮಾರಿಯದವನ ಕಥೆಯನ್ನು ನಾವು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ. ಕಳ್ಳರ ಕೈಗೆ ಸಿಕ್ಕಿ ಜೆರಿಕೋ ದಾರಿಯಲ್ಲಿ ಬಿದ್ದಿದ್ದವನನ್ನು ಯಾಜಕ ನೋಡಿಯೂ ಹೋದ, ದೇವಾಲಯದ ಸೇವೆ ಮಾಡುವ ಲೇವಿಯನೂ ಹೋದ. ಅವರೆಲ್ಲ ಅನ್ಯನೆಂದು ದೂರವಿಟ್ಟಿದ್ದ ಸಮಾರಿಯದವನು ನಿಂತು ಗಾಯ ಕಟ್ಟಿದ. ಚರ್ಚಿನ ಪ್ರಸಂಗ ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತದೆ. ಆದರೆ ಬೈಬಲಿನ ಲೂಕನ ಸುವಾರ್ತೆಯ 10ನೇ ಅಧ್ಯಾಯದ 35ನೇ ವಚನದಲ್ಲಿ ಮರುದಿನದ ಮಾತೂ ಇದೆ. ಅವನು ಛತ್ರದವನಿಗೆ ಎರಡು ದೀನಾರಿ ಕೊಡುತ್ತಾನೆ. ಅಂದಿನ ಲೆಕ್ಕದಲ್ಲಿ ಎರಡು ದಿನದ ಕೂಲಿ. ಇನ್ನೂ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅನ್ನುತ್ತಾನೆ. ನನ್ನ ಮಟ್ಟಿಗೆ ಕಥೆಯ ಜೀವ ಇರುವುದು ಆ ‘ವಾಪಸ್ ಬರುವಾಗ’ ಅನ್ನುವುದರಲ್ಲಿ.

ನಾನು ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ ಬರೆಯುವುದು, ಕೊಯ್ಲಿನಲ್ಲಿ ಹಣ್ಣಿನ ತೂಕ ಹಾಕಿಸುವುದು, ಬಟವಾಡೆ ಮಾಡುವುದು, ಇದೇ ಕೆಲಸ. ನಿವೃತ್ತಿಯಾದ ಮೇಲೆ ಚರ್ಚಿನ ಕೆಲವರ ಜೊತೆ ಲೈನ್ ಮನೆಗಳಿಗೆ, ಅಂದರೆ ತೋಟದ ಕೆಲಸದವರ ಸಾಲುಮನೆಗಳಿಗೆ ಹೋಗಿಬರುತ್ತೇನೆ. ದೊಡ್ಡ ಸಂಘವೇನಲ್ಲ. ಹೆಸರಿನ ಬೋರ್ಡೂ ಇಲ್ಲ.

ಮೊದಲು ನಾವು ಬದಲಾಯಿಸಿದ್ದು ಕೊಡುವ ಕಾಲವನ್ನು. ಎಲ್ಲ ಕಡೆಯಂತೆ ನಮ್ಮಲ್ಲೂ ಕಂಬಳಿ, ಕೇಕು, ಅಕ್ಕಿ ಹಂಚುತ್ತಿದ್ದುದು ಕ್ರಿಸ್ಮಸ್‌ಗೆ. ಆದರೆ ಡಿಸೆಂಬರಿನಲ್ಲಿ ಅರೇಬಿಕಾ ಕೊಯ್ಲು ನಡೆಯುತ್ತಿರುತ್ತದೆ. ಅದು ಮುಗಿಯುತ್ತಿದ್ದ ಹಾಗೆ ರೊಬಸ್ಟಾ ಶುರು. ಕೆಲಸದವರ ಕೈಯಲ್ಲಿ ಅಷ್ಟಿಷ್ಟು ದುಡ್ಡು ಓಡಾಡುವುದೇ ಆಗ. ಚೆಕ್‌ರೋಲ್ ಬರೆದವನಿಗೆ ಇದು ಚೆನ್ನಾಗಿ ಗೊತ್ತು. ಹೊಟ್ಟೆಗೆ ಕಷ್ಟವಾಗುವುದು ಜುಲೈ ನಡುವಿನಿಂದ, ಕಕ್ಕಡ ತಿಂಗಳ ಮಳೆಯಲ್ಲಿ. ಗಾಳಿಮಳೆ ಹೊಡೆದರೆ ತೋಟದ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಹಾಜರಿ ಇಲ್ಲ. ಸೌದೆ ಒದ್ದೆ, ಅಂಗಡಿಯಲ್ಲಿ ಬಾಕಿ, ಮಕ್ಕಳಿಗೆ ಜ್ವರ. ಈಗ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಮನೆಮನೆಯಲ್ಲಿ ಉಳಿಸಿದ ಹಣವನ್ನು ಮಳೆಗಾಲಕ್ಕೆ ಎತ್ತಿಡುತ್ತೇವೆ. ಕ್ರಿಸ್ಮಸ್‌ಗೆ ಸುಮ್ನೆ ಹೋಗಿ ಕಾಫಿ ಕುಡಿದು ಬರುತ್ತೇವೆ. ಕೆಲವರಿಗೆ ಇದು ಬೇಸರ ತಂದಿತು. ಹಬ್ಬಕ್ಕೆ ಕೊಟ್ಟರೆ ಕೊಡುವವರಿಗೂ ಖುಷಿ, ಅಲ್ವಾ? ಆದರೆ ಅದು ಕೊಡುವವರ ಖುಷಿ.

ಹೋಗುವಾಗ ಇಬ್ಬರಾಗಿ ಹೋಗುತ್ತೇವೆ, ಅದರಲ್ಲಿ ಒಬ್ಬರು ಹೆಂಗಸಾಗಿದ್ದರೆ ಒಳ್ಳೆಯದು. ಯೇಸುಸ್ವಾಮಿಯೂ ಶಿಷ್ಯರನ್ನು ಇಬ್ಬಿಬ್ಬರಾಗಿಯೇ ಕಳಿಸಿದ್ದು. ತೋಟದ ಓನರಿಗೆ ಮೊದಲೇ ಹೇಳುತ್ತೇವೆ. ಕೆಲಸ ಬಿಟ್ಟ ಮೇಲೆ ಹೋಗಬೇಕು, ಕತ್ತಲಾಗುವುದರೊಳಗೆ ಹೊರಡಬೇಕು. ನಮ್ಮ ಕಡೆ ಸಂಜೆಯಾದರೆ ದಾರಿ ಆನೆಗಳದ್ದು. ಹಾಗಾಗಿ ಒಂದು ಸಂಜೆಗೆ ಎರಡು ಮೂರು ಮನೆಗಿಂತ ಜಾಸ್ತಿ ಆಗುವುದಿಲ್ಲ. ಆಗಬಾರದು ಕೂಡ.

ಮನೆಗೆ ಹೋದಾಗ ಮೊದಲು ಕೇಳುವುದು, ಕೊಡುವುದು ಆಮೇಲೆ. ಕುರುಡ ಬಾರ್ತಿಮಾಯ ಕೂಗಿಕೊಂಡಾಗ ಅವನಿಗೆ ಏನು ಬೇಕೆಂದು ಯಾರಿಗೂ ಅನುಮಾನ ಇರಲಿಲ್ಲ. ಆದರೂ ಯೇಸು, ನಿನಗೆ ನಾನು ಏನು ಮಾಡಲಿ ಎಂದು ಅವನನ್ನೇ ಕೇಳಿದರು. ಲೈನ್ ಮನೆಯಲ್ಲಿ ಹಾಗೆ ಕೇಳಿದರೆ ಬರುವ ಉತ್ತರ ಅಕ್ಕಿಯೇ ಆಗಿರಬೇಕೆಂದಿಲ್ಲ. ‘ರೈಟ್ರೇ, ಮಗಳ ಆಧಾರ್‌ನಲ್ಲಿ ಹೆಸರು ತಪ್ಪಾಗಿದೆ’ ಅನ್ನುತ್ತಾರೆ. ಅಸ್ಸಾಮಿನಿಂದ ಬಂದವರು ಊರಿನ ರೇಷನ್ ಕಾರ್ಡು ತೋರಿಸಿ, ಇದು ಇಲ್ಲಿ ನಡೆಯುತ್ತದಾ ಎಂದು ಕೇಳುತ್ತಾರೆ. ನಡೆಯುತ್ತದೆ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆಗೆ ಅಸ್ಸಾಮೂ 2022ರಲ್ಲಿ ಸೇರಿತು. ನಾವು ಮಾಡಬೇಕಾದದ್ದು ನ್ಯಾಯಬೆಲೆ ಅಂಗಡಿಗೆ ಅವರ ಜೊತೆ ಹೋಗಿ ನಿಲ್ಲುವುದು, ಅಷ್ಟೇ.

ಹೆಚ್ಚು ಸಲ ಹೋಗಬೇಕಾಗಿ ಬರುವುದು ಟಿಬಿ ಇರುವ ಮನೆಗೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಮಾತ್ರೆಯೂ ಉಚಿತ. ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಶುರುವಿನಲ್ಲೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ಮಾತ್ರೆಯ ಬಣ್ಣ ಎಂದು ಮೊದಲೇ ಹೇಳದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ. ನಿಜವಾದ ಕಷ್ಟ ಬರುವುದು ಎರಡು ತಿಂಗಳಾದ ಮೇಲೆ. ಕೆಮ್ಮು ನಿಂತಿರುತ್ತದೆ, ಊಟ ಸೇರುತ್ತದೆ, ಕೆಲಸಕ್ಕೂ ಹೋಗುತ್ತಿರುತ್ತಾರೆ. ವಾಸಿಯಾಯ್ತಲ್ಲ ಅನ್ನುತ್ತಾರೆ. ಅಲ್ಲಿ ನಿಲ್ಲಿಸಿದರೆ ರೋಗ ಮರಳಿ ಬರಬಹುದು, ಮಾತ್ರೆಗೆ ಬಗ್ಗದ ಹಾಗೂ ಆಗಬಹುದು. ಆಶಾ ಕಾರ್ಯಕರ್ತೆ ಬರುತ್ತಾರೆ, ನಿಜ. ಆದರೆ ಅವರಿಗೆ ಎಷ್ಟು ಮನೆ! ಅದಕ್ಕೇ ಮೂರನೇ ತಿಂಗಳಿನಿಂದ ಕೊನೆಯವರೆಗೆ ನಾವು ಬಿಡದೆ ಹೋಗುತ್ತೇವೆ. ಮಾತ್ರೆ ನುಂಗಿದೆಯಾ ಎಂದು ಪೊಲೀಸರ ಹಾಗೆ ಕೇಳುವುದಿಲ್ಲ. ಮೊಟ್ಟೆ, ಕಡಲೆ ತಗೊಂಡು ಹೋಗುತ್ತೇವೆ, ಮಾತಾಡುತ್ತೇವೆ. ಮಾತ್ರೆಯ ಖಾಲಿ ಪಟ್ಟಿಯನ್ನು ಅವರೇ ತೋರಿಸುತ್ತಾರೆ. 2022ರಿಂದ ನಿಕ್ಷಯ್ ಮಿತ್ರ ಎಂಬ ವ್ಯವಸ್ಥೆಯೂ ಇದೆ. ಯಾರು ಬೇಕಾದರೂ ಹೆಸರು ಕೊಟ್ಟು ರೋಗಿಯ ಪೌಷ್ಟಿಕ ಆಹಾರದ ಖರ್ಚು ವಹಿಸಿಕೊಳ್ಳಬಹುದು.

ಸರ್ಕಾರವೂ ಆಹಾರಕ್ಕೆಂದು ತಿಂಗಳಿಗೆ ₹500 ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು ₹1,000 ಆಗಿದೆ. ಆದರೆ ಬರುವುದು ಬ್ಯಾಂಕ್ ಖಾತೆಗೆ. ಖಾತೆ ಸರಿ ಇಲ್ಲದಿದ್ದರೆ ಬ್ಯಾಂಕಿಗೆ ಅಲೆಯಬೇಕು, ಅಲೆದರೆ ದಿನದ ಕೂಲಿ ಹೋಗುತ್ತದೆ. ಹಾಗಾಗಿ ಆ ದಿನದ ಕೂಲಿಯನ್ನು ನಾವು ಕೊಡುತ್ತೇವೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಅತಿ ಉಪಯೋಗದ ಖರ್ಚು ಇದೇ ಎಂದು ನನ್ನ ಅಭಿಪ್ರಾಯ.

ಇನ್ನೊಂದಿದೆ. ಟಿಬಿ ಬಂದವನ ತಟ್ಟೆ ಲೋಟ ಬೇರೆ ಇಡುತ್ತಾರೆ. ಈ ರೋಗ ಹರಡುವುದು ಕೆಮ್ಮಿದಾಗ ಗಾಳಿಯಲ್ಲಿ, ಲೋಟದಿಂದಲ್ಲ. ಸರಿಯಾಗಿ ಕೆಲವು ವಾರ ಔಷಧಿ ತಗೊಂಡರೆ ಹರಡುವುದು ಬಹಳ ಕಡಿಮೆಯಾಗುತ್ತದೆ. ನಾವು ಜಗಲಿಯಲ್ಲಿ, ಗಾಳಿ ಆಡುವ ಕಡೆ ಕೂತು, ಅವರ ಮನೆಯ ಲೋಟದಲ್ಲೇ ಬೆಲ್ಲದ ಕಾಫಿ ಕುಡಿಯುತ್ತೇವೆ. ಪಕ್ಕದ ಮನೆಯವರು ನೋಡುತ್ತಾರೆ, ನೋಡಲಿ ಎಂದೇ ಕೂರುವುದು. ಕುಷ್ಠರೋಗಿಯನ್ನು ಯೇಸು ಬರೀ ಮಾತಿನಿಂದ ಗುಣ ಮಾಡಬಹುದಿತ್ತು. ಮೊದಲು ಕೈ ಚಾಚಿ ಮುಟ್ಟಿದರು.

ಮತಾಂತರಕ್ಕೆ ಬಂದಿರಾ ಎಂದು ಕೇಳುವವರಿದ್ದಾರೆ. ಬೈಬಲ್ಲೂ ಒಯ್ಯುವುದಿಲ್ಲ, ಪ್ರಾರ್ಥನೆಯನ್ನೂ ಹೇರುವುದಿಲ್ಲ. ಸಮಾರಿಯದವನು ಬಿದ್ದವನ ಧರ್ಮ ಕೇಳಲಿಲ್ಲ. ನಮ್ಮದೇ ಇತಿಹಾಸ ನೋಡಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಇಲ್ಲಿ ನೆಲೆ ಕೊಟ್ಟವರು ಕೊಡಗನ್ನು ಆಳುತ್ತಿದ್ದ ಹಾಲೇರಿ ಮನೆತನದ ದೊಡ್ಡ ವೀರರಾಜೇಂದ್ರ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರದ್ದು. ದಾರಿಯಲ್ಲಿ ಬಿದ್ದಿದ್ದವರು ನಾವು, ಎತ್ತಿದವರು ಲಿಂಗಾಯತ ಅರಸರು. ಮನೆಯಲ್ಲಿ ಕೊಂಕಣಿ ಮಾತಾಡುವ ನಮ್ಮಂಥವರು ಇದನ್ನು ಮಕ್ಕಳಿಗೆ ಹೇಳುವುದು ಕಡಿಮೆ.

ಈಗ ನಮ್ಮ ಗುಂಪಿನಲ್ಲಿ ಒಂದು ವಾದ ನಡೆದಿದೆ. ಇಲ್ಲಿನ ಆದಿವಾಸಿಗಳಾದ ಯರವರ ಒಂದು ಕುಟುಂಬ ಮದುವೆಗೆಂದು ತೋಟದಿಂದ ಅಡ್ವಾನ್ಸ್ ತಗೊಂಡಿತ್ತು. ಅದು ತೀರುವವರೆಗೂ ಬೇರೆ ತೋಟಕ್ಕೆ ಹೋಗುವ ಹಾಗಿಲ್ಲ ಎಂದು ತೋಟದವರು ಹೇಳಿದ್ದಾರಂತೆ. ನಾವೇ ಕಟ್ಟಿ ಬಿಡಿಸೋಣ ಅನ್ನುವುದು ಕೆಲವರ ಮಾತು. ಸಮಾರಿಯದವನು ಖರ್ಚು ಕೊಡಲಿಲ್ವಾ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಾಲಕ್ಕಾಗಿ ಆಳನ್ನು ಹಿಡಿದಿಟ್ಟರೆ ಅದು ಜೀತ. 1976ರ ಕಾಯ್ದೆ ಪ್ರಕಾರ ಅಂಥ ಸಾಲವೇ ರದ್ದು. ನಾವು ಕಟ್ಟಿದರೆ ಇಲ್ಲದ ಸಾಲವನ್ನು ಇದೆ ಎಂದು ಒಪ್ಪಿದ ಹಾಗೆ, ಮುಂದಿನ ಮನೆಯವರಿಗೂ ಅದೇ ಗತಿ. ಉಪವಿಭಾಗಾಧಿಕಾರಿಯವರ (ಎಸಿ) ಕಚೇರಿಗೆ ಅರ್ಜಿ ಕೊಡಬೇಕು ಅನ್ನುವುದು ನನ್ನ ವಾದ. ಆದರೆ ಅರ್ಜಿ ಕೊಟ್ಟರೆ ಮಳೆಗಾಲದಲ್ಲಿ ಆ ಮನೆಯವರ ತಲೆಯ ಮೇಲಿನ ಸೂರು ಹೋಗಬಹುದು. ಅದೂ ಸುಳ್ಳಲ್ಲ. ಫಾದರನ್ನು ಕೇಳಿದೆವು. ‘ನನ್ನನ್ನು ಯಾಕೆ ಕೇಳ್ತೀರಿ, ಅವರನ್ನು ಕೇಳಿದ್ರಾ?’ ಅಂದರು. ಭಾನುವಾರ ಪೂಜೆ ಮುಗಿಸಿ ಆ ಮನೆಗೆ ಹೋಗುತ್ತಿದ್ದೇವೆ.