ಉಪಗ್ರಹ ನಡೆಸಿದವರ ನೆನಪು ಬರೆದಿಟ್ಟುಕೊಳ್ಳುವುದು ಹೇಗೆ?

ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಎಂಸಿಎಫ್, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಗೊತ್ತು. ಇಸ್ರೋದ ಈ ಕೇಂದ್ರ 1982ರಿಂದ ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಶುರುವಿನಲ್ಲಿ ಅಲ್ಲಿ ಕೆಲಸಕ್ಕೆ ಸೇರಿದವರು ಈಗ ನಿವೃತ್ತರು. ಕೆಲವರಿಗೆ ಎಂಬತ್ತು ದಾಟಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳನ್ನು ಕರೆದುಕೊಂಡು ಇಂಥವರ ಮನೆಗೆ ಹೋಗಿ ಅವರ ನೆನಪುಗಳನ್ನು ರೆಕಾರ್ಡ್ ಮಾಡುತ್ತೇನೆ. ನಿಮ್ಮ ಬೀದಿಯಲ್ಲೂ ಒಬ್ಬರು ಇರಬಹುದು. ದಯವಿಟ್ಟು ಮುಂದೂಡಬೇಡಿ.

ಹೋಗುವ ಮುಂಚೆ ಒಂದು ಘಟನೆಯನ್ನು ಚೆನ್ನಾಗಿ ಓದಿಕೊಳ್ಳಿ. ಎಲ್ಲವನ್ನೂ ಅಲ್ಲ, ಒಂದೇ ಒಂದು. ನಾವು ಆರಿಸಿಕೊಂಡಿದ್ದು ಇನ್ಸಾಟ್-1ಬಿ. ಅದಕ್ಕೂ ಮೊದಲು 1982ರ ಏಪ್ರಿಲ್‌ನಲ್ಲಿ ಹೋದ ಇನ್ಸಾಟ್-1ಎ, ದಿಕ್ಕು ಸರಿಪಡಿಸಿಕೊಳ್ಳುವ ಇಂಧನ ಖಾಲಿಯಾಗಿ ಕೈಬಿಟ್ಟುಹೋಗಿತ್ತು. ಹಾಗಾಗಿ ಎಲ್ಲರ ಕಣ್ಣು 1ಬಿ ಮೇಲಿತ್ತು. 1983ರ ಆಗಸ್ಟ್ 30ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ (ಸ್ಪೇಸ್ ಷಟಲ್) ಅದನ್ನು ಹೊತ್ತುಕೊಂಡು ಹೋಯಿತು. ಮೇಲೆ ಬಿಟ್ಟಾದ ಮೇಲೆ ಅದರ ಸೌರಫಲಕ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಉಪಗ್ರಹ ಕಟ್ಟಿದ ಫೋರ್ಡ್ ಕಂಪನಿಯವರೂ ಹಾಸನದವರೂ ಸೇರಿ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಅದನ್ನು ಬಿಡಿಸಿದರು. ಮುಂದೆ ದೇಶದ ಮೂಲೆಮೂಲೆಗೆ ಟಿವಿ ತಲುಪಿದ್ದರಲ್ಲಿ ಈ ಉಪಗ್ರಹದ ಪಾಲು ದೊಡ್ಡದು.

ಇಷ್ಟು ಗೊತ್ತಿದ್ದರೆ "ಸಾರ್, ಚಂದ್ರಯಾನ ನೀವೇ ಕಳಿಸಿದ್ದಾ?" ಅಂತ ಕೇಳುವ ಪ್ರಸಂಗ ಬರುವುದಿಲ್ಲ. ಚಂದ್ರಯಾನದ ಜೊತೆ ಮಾತಾಡುವ ದೊಡ್ಡ ಆಂಟೆನಾ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ಹಾಸನದವರ ಮುಖ್ಯ ಕೆಲಸ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಉಪಗ್ರಹಗಳದ್ದು.

ಇನ್ನು ಪ್ರಶ್ನೆಗಳು. ಇದೇ ಮುಖ್ಯ, ಇಲ್ಲಿ ಆತುರ ಬೇಡ. "ಆಗ ನಿಮಗೆ ಹೇಗನ್ನಿಸಿತು?" ಅಂತ ಶುರು ಮಾಡಬೇಡಿ. "ಹೆಮ್ಮೆ ಅನ್ನಿಸಿತು" ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಕೈಯ ಕೆಲಸದ ಬಗ್ಗೆ ಕೇಳಿ. ನಿಮ್ಮ ಕುರ್ಚಿ ಎಲ್ಲಿತ್ತು? ಎದುರಿಗೆ ಏನು ಕಾಣುತ್ತಿತ್ತು? ಕಮಾಂಡ್ ಕಳಿಸಿದ ಮೇಲೆ ಏನನ್ನು ನೋಡುತ್ತಾ ಕೂತಿರುತ್ತಿದ್ದಿರಿ? ಸಿಗ್ನಲ್ ಮೇಲೆ ಹೋಗಿ ವಾಪಸ್ ಬರಲು ಕಾಲು ಸೆಕೆಂಡು ಸಾಕು, ಆದರೆ ಫಲಕ ಅಲುಗಾಡಿತೋ ಇಲ್ಲವೋ ಅಂತ ತಿಳಿಯಲು ಎಷ್ಟು ಕಾಯಬೇಕಿತ್ತು? ಇಂಥ ಪ್ರಶ್ನೆ ಕೇಳಿದರೆ ಮನುಷ್ಯ ನೆಟ್ಟಗೆ ಕೂತುಕೊಳ್ಳುತ್ತಾರೆ.

ಒಬ್ಬ ಹಿರಿಯರಿಗೆ ಸೌರಫಲಕದ ಬಗ್ಗೆ ಕೇಳಿದಾಗ ಅವರು ಟೀಪಾಯ್ ಮೇಲಿದ್ದ ಪೇಪರನ್ನು ಎತ್ತಿಕೊಂಡು ಹಿಂದೆ ಮುಂದೆ ಮಡಿಕೆ ಹಾಕಿದರು. ಒಂದು ತುದಿಯನ್ನು ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಮೆಲ್ಲಗೆ ಎಳೆದರು. ಅರ್ಧ ಬಿಚ್ಚಿ ನಿಂತಿತು. "ನೋಡಿ, ಹೀಗೆ" ಅಂದರು, ಅಷ್ಟೇ. ಧ್ವನಿ ಮಾತ್ರ ರೆಕಾರ್ಡ್ ಮಾಡಿದರೆ ಇದು ಸಿಗುವುದಿಲ್ಲ, ಅಲ್ವಾ? ಅದಕ್ಕೇ ಹೇಳುವುದು, ಒಂದು ಫೋನು ಧ್ವನಿಗೆ ಇರಲಿ, ಇನ್ನೊಂದು ಕೈಗಳ ಕಡೆ ವಿಡಿಯೋ ಮಾಡುತ್ತಿರಲಿ. ಫ್ಯಾನ್ ಆಫ್ ಮಾಡಿಸಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ.

ವಿಜ್ಞಾನಿಗಳನ್ನು ಮಾತ್ರ ಹುಡುಕಬೇಡಿ. ಶಿಫ್ಟಿನವರನ್ನು ರಾತ್ರಿ ಕರೆದುಕೊಂಡು ಬರುತ್ತಿದ್ದ ಡ್ರೈವರ್, ಕರೆಂಟು ಹೋಗದಂತೆ ನೋಡಿಕೊಂಡವರು, ಕ್ಯಾಂಟೀನಿನವರು, ಎಲ್ಲರೂ ಬೇಕು. ಮನೆಯಲ್ಲಿದ್ದ ಹೆಂಗಸರನ್ನಂತೂ ಖಂಡಿತ ಕೇಳಿ. ಯಜಮಾನರು ಒಳಗೆ ಹೋಗಿ ಹಳೇ ಫೋಟೋ ಹುಡುಕುವಾಗ ಅಮ್ಮನವರು ಹೇಳುವ ಮಾತಿನಲ್ಲಿ ಎಷ್ಟೋ ಸಲ ಜಾಸ್ತಿ ವಿಷಯ ಇರುತ್ತದೆ.

ಹೇಳಿದ್ದನ್ನೆಲ್ಲ ತಾಳೆ ನೋಡಿ, ಆದರೆ ಎದುರಿಗೇ ತಿದ್ದಬೇಡಿ. ಚಾಲೆಂಜರ್ ಹಾರಿದ್ದು ರಾತ್ರಿ ಎಂದು ಒಬ್ಬರು, ಮಧ್ಯಾಹ್ನ ಎಂದು ಇನ್ನೊಬ್ಬರು ಹೇಳಬಹುದು. ಇಬ್ಬರದೂ ಸರಿ. ಫ್ಲಾರಿಡಾದಲ್ಲಿ ಆಗ ರಾತ್ರಿ 2 ಗಂಟೆ 32 ನಿಮಿಷ, ನಮ್ಮಲ್ಲಿ ಮಧ್ಯಾಹ್ನ 12 ದಾಟಿತ್ತು. ಅಮೆರಿಕದ ಷಟಲ್‌ಗಳಲ್ಲಿ ರಾತ್ರಿ ಹಾರಿದ ಮೊದಲನೆಯದೇ ಅದು. ನಮ್ಮ ಉಪಗ್ರಹವನ್ನು ಸರಿಯಾದ ಜಾಗಕ್ಕೆ ಬಿಡಬೇಕು ಅಂತಲೇ ಆ ಹೊತ್ತನ್ನು ಆರಿಸಿದ್ದರು. ಇದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕು!

"ಅದನ್ನು ಹೇಳುವ ಹಾಗಿಲ್ಲ" ಅಂದರೆ ಅಲ್ಲಿಗೇ ಬಿಡಿ, ಸುತ್ತಿ ಬಳಸಿ ಕೇಳಬೇಡಿ. ಬರೆದುಕೊಳ್ಳುವಾಗ ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. "ಶಿಫ್ಟು", "ಟೆಲಿಮೆಟ್ರಿ" (ಉಪಗ್ರಹ ತನ್ನ ಸ್ಥಿತಿಯ ಬಗ್ಗೆ ಕಳಿಸುವ ಮಾಹಿತಿ) ಅಂದರೆ ಹಾಗೇ ಇರಲಿ. ಬರೆದಿದ್ದನ್ನು ಅವರಿಗೇ ಓದಿ ಹೇಳಿ, ಒಪ್ಪಿಗೆ ಪಡೆಯಿರಿ. ಪ್ರತಿ ಫೈಲಿಗೂ ಹೆಸರು, ಊರು, ತಾರೀಖು ಹಾಕಿ. ಒಂದು ಪೆನ್‌ಡ್ರೈವ್ ಅವರ ಮಕ್ಕಳಿಗೆ ಕೊಡಿ, ಇನ್ನೊಂದು ನಿಮ್ಮ ಶಾಲೆಯ ಬೀರುವಿನಲ್ಲಿರಲಿ.